ಮಾಳಿಗೆ ಕಾಕುವಿನ ಐದು ವಹಿಗಳು

ಪುಣೆಯ ಖರಾಡಿಯ ನಮ್ಮ ಸೊಸೈಟಿಯಲ್ಲಿ ಈ ಸಲ ಗಣಪತಿಯ ಮಖರಕ್ಕೆ, ಅಂದರೆ ಅವನನ್ನು ಕೂರಿಸುವ ಮಂಟಪಕ್ಕೆ, ಥರ್ಮೋಕೋಲ್ ಬೇಡ, ಅಂಗಡಿಯ ಗೋಂದೂ ಬೇಡ, ಎಲ್ಲವೂ ಕಾಗದದ್ದೇ ಆಗಬೇಕು ಎಂದು ಕಮಿಟಿಯವರು ಫರ್ಮಾನು ಹೊರಡಿಸಿದ್ದರು. ಹನ್ನೊಂದನೆಯ ಮಹಡಿಯ ಮರಾಠಿ ಆಜಿಯೊಬ್ಬರು ಕ್ಲಬ್‌ಹೌಸಿನ ಒಲೆಯ ಮೇಲೆ ಮೈದಾಹಿಟ್ಟಿನ ಖಳ, ಅಂದರೆ ಅಂಟು, ಕುದಿಸಲು ನಿಂತರು. ತಿರುವುವ ಕೆಲಸ ನನ್ನ ಪಾಲಿಗೆ ಬಂತು. ಹಿಟ್ಟು ಗಟ್ಟಿಯಾಗುತ್ತ ಬಂದ ಹಾಗೆ ಆಜಿ ಅದಕ್ಕೆ ಒಂದು ಚಿಟಿಕೆ ಮೋರಚೂದ ಹಾಕಿದರು. ನಾವು ಮೈಲುತುತ್ತ ಅನ್ನುತ್ತೇವಲ್ಲ, ಆ ನೀಲಿ ಹರಳಿನ ಪುಡಿ. ಅದಿದ್ದರೆ ಅಂಟಿಸಿದ ಕಾಗದಕ್ಕೆ ಜಿರಳೆ ಬಾಯಿ ಹಾಕುವುದಿಲ್ಲ. ಬೆಂದ ಹಿಟ್ಟಿನ ವಾಸನೆ, ಅದರ ಹಿಂದೆಯೇ ಒಂದು ಒಗರು... ನನ್ನ ಕೈ ನಿಂತುಬಿಟ್ಟಿತು. "ಅಗ, ಹಲವ ನಾ! ಗುಠಳ್ಯಾ ಹೋತೀಲ್" ಎಂದು ಆಜಿ ಗದರಿದರು. ತಿರುವದಿದ್ದರೆ ಗಂಟು ಕಟ್ಟುತ್ತದೆ ಅಂತ. ನಾನು ಮತ್ತೆ ತಿರುವತೊಡಗಿದೆ. ಆದರೆ ಆಮೇಲೆ ಆ ದಿನವೆಲ್ಲ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ.

ಆ ವಾಸನೆ ನನಗೆ ಮಾಳಿಗೆ ಕಾಕುವಿನದು.

ನಾನು ಚಿಕ್ಕವಳಿದ್ದಾಗ ನಾವು ಪೇಠೆಯ ಒಂದು ಹಳೆಯ ವಾಡೆಯಲ್ಲಿ ಬಾಡಿಗೆಗೆ ಇದ್ದೆವು. ನಡುವೆ ಅಂಗಳ, ಸುತ್ತ ಹನ್ನೆರಡು ಬಿಡಾರ, ಅದರಲ್ಲಿ ನಾಲ್ಕು ಕನ್ನಡದವರವು. ಅಪ್ಪ ಬಾಗಲಕೋಟೆ ಕಡೆಯಿಂದ ಬಂದು ಬಟ್ಟೆಯ ಪೇಢಿಯೊಂದರಲ್ಲಿ ಗುಮಾಸ್ತರಾಗಿದ್ದರು. ನಮ್ಮ ತಲೆಯ ಮೇಲಿನ ಮಾಳಿಗೆಯಲ್ಲಿ ಇದ್ದವರು ಕಾಕು. ಕಾಕು ಅಂದರೆ ಚಿಕ್ಕಮ್ಮ. ರಕ್ತಸಂಬಂಧವೇನೂ ಇರಲಿಲ್ಲ, ವಾಡೆಯಲ್ಲಿ ದೊಡ್ಡವರೆಲ್ಲ ಹೀಗೇ ಯಾರಿಗಾದರೂ ಕಾಕಾ, ಕಾಕು ಆಗಿರುತ್ತಿದ್ದರು. ಅವರ ಯಜಮಾನರು ರೈಲ್ವೆಯಲ್ಲಿ ಗುಮಾಸ್ತರು. ಒಬ್ಬನೇ ಮಗ, ನನಗಿಂತ ಹತ್ತು ವರ್ಷ ದೊಡ್ಡವನು, ನನ್ನನ್ನು ತಂಗಿ ಎಂದು ಕರೆಯುತ್ತಿದ್ದ.

ಆ ನಾಲ್ಕು ಕನ್ನಡ ಮನೆಗಳಿಗೆ ಸೇರಿ ಒಂದೇ ಒಂದು ವಾರಪತ್ರಿಕೆ. ಅಪ್ಪ ಅದನ್ನು ಸ್ಟೇಷನ್ನಿನ ಅಂಗಡಿಯಿಂದ ತರುತ್ತಿದ್ದರು. ಊರಿನಲ್ಲಿ ಓದಿ ಮುಗಿಸಿ ಮರೆತ ಮೇಲೆ, ಒಂದು ವಾರ ತಡವಾಗಿ ಅದು ನಮ್ಮ ಕೈಗೆ ಬರುತ್ತಿತ್ತು. ಮೊದಲು ನಮ್ಮ ಮನೆ, ಆಮೇಲೆ ಎದುರಿನವರು, ಆಮೇಲೆ ಬಾವಿಯ ಪಕ್ಕದವರು, ಕೊನೆಗೆ ಮಾಳಿಗೆ. ಕಾಕು ತಾವಾಗಿಯೇ ಕೊನೆಯ ಸರದಿ ಕೇಳಿ ಪಡೆದಿದ್ದರು. ಕೊನೆಯವರಿಗೆ ಹಾಳೆ ಹರಿಯುವ ಹಕ್ಕಿತ್ತು, ಅದಕ್ಕೆ. ಧಾರಾವಾಹಿಯ ಪುಟಗಳನ್ನಷ್ಟೇ ಹುಷಾರಾಗಿ ಬಿಡಿಸಿ, ಒಂದರ ಬೆನ್ನಿಗೊಂದು ಖಳ ಹಚ್ಚಿ, ದಾರ ಹಾಕಿ ಹೊಲಿದು, ಹಳೆಯ ಸೀರೆಯ ತುಂಡನ್ನು ರಟ್ಟಿಗೆ ಸುತ್ತಿ ಪುಸ್ತಕ ಮಾಡುತ್ತಿದ್ದರು. ಅಂಥ ಪುಸ್ತಕಗಳು ಅವರ ಗೂಡಿನಲ್ಲಿ ಒಂದು ಸಾಲು ಇದ್ದವು. ವಿಚಿತ್ರವೆಂದರೆ ಅದರಲ್ಲಿಯ ಒಂದು ಅಕ್ಷರವನ್ನೂ ಕಾಕುವಿಗೆ ಓದಲು ಬರುತ್ತಿರಲಿಲ್ಲ.

ಅವರೇನೂ ಅನಕ್ಷರಸ್ಥರಾಗಿರಲಿಲ್ಲ. ಸೊಲ್ಲಾಪುರ ಕಡೆಯ ಹಳ್ಳಿಯವರು. ಮನೆಯ ಮಾತು ಕನ್ನಡ, ಶಾಲೆ ಮರಾಠಿ. ನಾಲ್ಕನೆಯ ಇಯತ್ತೆಯವರೆಗೆ ಕಲಿತಿದ್ದರು. ಮರಾಠಿ ಲಿಪಿಯನ್ನು ಪಟಪಟನೆ ಓದುತ್ತಿದ್ದರು. ಕಿರಾಣಿ ಚೀಟಿಯಲ್ಲಿ 'ಬೆಲ್ಲ', 'ಶೇಂಗಾ' ಎಂಬ ನಮ್ಮ ಮಾತುಗಳನ್ನೇ ಮರಾಠಿ ಅಕ್ಷರದಲ್ಲಿ ಬರೆಯುತ್ತಿದ್ದರು. ಮರಾಠಿ ಮಾಸಿಕಗಳೂ ಮನೆಯಲ್ಲಿರುತ್ತಿದ್ದವು. ಆದರೆ ಕಥೆ ಅಂದರೆ ಅವರಿಗೆ ಕನ್ನಡದ್ದೇ ಆಗಬೇಕು. "ಅದರಾಗ ಅಳೂದು ಬ್ಯಾರೆ, ನಮ್ಮ ಭಾಷೆದಾಗ ಅಳೂದು ಬ್ಯಾರೆ" ಎನ್ನುತ್ತಿದ್ದರು. ಯಜಮಾನರಿಗೆ ಕನ್ನಡ ಓದಲು ಬರುತ್ತಿತ್ತು. ಅವರು ಧಾರಾವಾಹಿ ಅಂದರೆ ಮೂಗು ಮುರಿಯುವವರು. ಮಗ ಮರಾಠಿ ಶಾಲೆಯವನು. ಹಾಗಾಗಿ ಪೇಠೆಯ ಕನ್ನಡ ಶಾಲೆಗೆ ಹೋಗುತ್ತಿದ್ದ ನಾನು, ಎರಡನೆಯ ಇಯತ್ತೆಯ ಹುಡುಗಿ, ಕಾಕುವಿನ ಕಣ್ಣಾದೆ.

ಆಗ ನನಗೆ ಓದುವುದೆಂದರೆ ಹಸಿವು. ಶೇಂಗಾ ಕಟ್ಟಿಕೊಟ್ಟ ಕಾಗದ, ಬಸ್ಸಿನ ಪಾಟಿ, ಔಷಧದ ಶೀಶೆ, ಕ್ಯಾಲೆಂಡರಿನ ಬೆನ್ನಿನ ಪಂಚಾಂಗ, ಏನು ಸಿಕ್ಕರೂ ಗಟ್ಟಿಯಾಗಿ ಓದಬೇಕು. ಕಾಕು ಮುಂದೆ ಗೋಧಿ ಹರಡಿಕೊಂಡು ಕಲ್ಲು ಆರಿಸುತ್ತ ಕೂರುತ್ತಿದ್ದರು, ನಾನು ಗೋಡೆಗೆ ಒರಗಿ, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದೆ. ಅವರದೊಂದು ಕಟ್ಟಳೆಯಿತ್ತು. ಏನನ್ನೂ ಜಿಗಿಯಬಾರದು. ಚಿತ್ರದ ಕೆಳಗಿನ ಮಾತು, ಪುಟದ ಅಡಿಗಿರುವ ತಲೆನೋವಿನ ಎಣ್ಣೆಯ ಜಾಹೀರಾತು, 'ಮುಂದುವರಿಯುವುದು' ಎಂಬ ಕಡೆಯ ಪದ, ಎಲ್ಲವನ್ನೂ ಓದಬೇಕು. ಬೇಸರ ಬಂದು ನಾನು ನಾಲ್ಕು ಸಾಲು ಹಾರಿಸಿದರೆ ಅವರ ಕೈ ಗೋಧಿಯಲ್ಲಿ ನಿಂತುಬಿಡುತ್ತಿತ್ತು. "ಎಲ್ಲೋ ಜಿಗದಿ ನೋಡವ್ವಾ. ಅಚ್ಚ ಹಾಕಿದವರು ಹುಚ್ಚರೇನು?" ಅದು ಹೇಗೆ ಗೊತ್ತಾಗುತ್ತಿತ್ತೋ! ಓದು ಮುಗಿದ ಮೇಲೆ ಒಂದು ಶೇಂಗಾ ಉಂಡಿ. ನನ್ನ ಬಾಲ್ಯದಲ್ಲಿ ಅದಕ್ಕಿಂತ ದೊಡ್ಡ ಸಂಭಾವನೆ ಬೇರೆ ಇರಲಿಲ್ಲ.

ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು, ಯಾರಿಗೂ ಹೇಳಿದ್ದಲ್ಲ. ಒಂದು ಬೇಸಿಗೆ ರಜೆಯಲ್ಲಿ ಕಾಕು ಪಾಟಿ, ಬಳಪ ತಂದು ನನ್ನ ಮುಂದಿಟ್ಟು, ಕನ್ನಡ ಅಕ್ಷರ ಕಲಿಸು ಎಂದರು. ಎರಡು ದಿನ ಕಲಿಸಿದೆ. ಬಲು ಬೇಗ ಹಿಡಿಯುತ್ತಿದ್ದರು. ಮರಾಠಿ ಬಲ್ಲವರಿಗೆ ಅದೇ ಅ ಆ, ಅದೇ ಕ ಖ, ರೂಪವಷ್ಟೇ ಬೇರೆ. ಮೂರನೆಯ ದಿನ ನನಗೆ ಹೊಳೆಯಿತು: ಇವರು ಕಲಿತುಬಿಟ್ಟರೆ ನಾನು ಯಾಕೆ ಬೇಕು? ಹೊಟ್ಟೆನೋವು ಎಂದು ಹೋಗಲಿಲ್ಲ. ನಾಲ್ಕನೆಯ ದಿನ ಹೋದಾಗ, "ಇವು ಭಾಳ ಕಠಿಣ ಕಾಕು, ದೊಡ್ಡವರಿಗೆ ಬರೂದಿಲ್ಲಂತ" ಎಂದೆ. ಕಾಕು ನಂಬಿದರು. ಪಾಟಿಯನ್ನು ಗೂಡಿನ ಹಿಂದೆ ಸರಿಸಿ ಗೋಧಿ ಹರಡಿದರು. ಎಂಟು ವರ್ಷದ ಹುಡುಗಿ, ಏನು ತಿಳಿಯುತ್ತೆ ಎಂದು ನೀವು ಅನ್ನಬಹುದು. ನನಗೆ ಚೆನ್ನಾಗಿ ತಿಳಿದಿತ್ತು.

ಐದನೆಯ ಇಯತ್ತೆಗೆ ಅಪ್ಪ ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದರು. ಅಲ್ಲಿ ಮೊದಲ ವಾರವೇ ಒಂದು ಪೆಟ್ಟು ಬಿತ್ತು. ಲೈಬ್ರರಿ ತಾಸಿನಲ್ಲಿ ನಾನು ತುಟಿಯಾಡಿಸುತ್ತ ಓದುತ್ತಿದ್ದೆ. ಇಡೀ ವರ್ಗ ನಕ್ಕಿತು. ಬುದ್ಧಿವಂತರು ಮನಸ್ಸಿನಲ್ಲೇ ಓದುತ್ತಾರೆ ಎಂದರು ಟೀಚರು. ಬಾಯಿ ಮುಚ್ಚಿ ಓದುವುದನ್ನು ಕಲಿತೆ. ಕಲಿತ ಮೇಲೆ ವೇಗ ಬಂತು. ವೇಗ ಬಂದ ಮೇಲೆ ಗರ್ವ ಬಂತು. ರಜೆಯಲ್ಲಿ ಎಷ್ಟು ಪುಸ್ತಕ ಮುಗಿಸಿದೆ ಎಂದು ಗೆಳತಿಯರ ನಡುವೆ ಪೈಪೋಟಿ. ದಪ್ಪ ಪುಸ್ತಕ ಹಿಡಿದು ಬಸ್ಸಿನಲ್ಲಿ ಕೂತರೆ ಪಕ್ಕದವರು ಹೆಸರು ನೋಡಲಿ ಎಂದು ಹೊದಿಕೆ ತಿರುಗಿಸಿ ಹಿಡಿಯುತ್ತಿದ್ದೆ. ಆದರೂ ಶನಿವಾರ ಮಧ್ಯಾಹ್ನ ಮಾಳಿಗೆ ಹತ್ತುವುದು ತಪ್ಪಿರಲಿಲ್ಲ. ಹತ್ತುವಾಗ ಮಾತ್ರ ಮೆಟ್ಟಿಲು ಹೆಚ್ಚಾದವೇನೋ ಅನ್ನಿಸುತ್ತಿತ್ತು.

ಎಂಟನೆಯ ಇಯತ್ತೆಯಲ್ಲಿದ್ದಾಗ ಒಂದು ಧಾರಾವಾಹಿ ಬರುತ್ತಿತ್ತು. ಅತ್ತೆಮನೆಯ ಕಾಟ ತಾಳದ ಹುಡುಗಿಯೊಬ್ಬಳು ಒಂದು ತಗಡಿನ ಪೆಟ್ಟಿಗೆ ಹಿಡಿದು ಮನೆ ಬಿಟ್ಟು ಹೊರಟು, ಸ್ಟೇಷನ್ನಿಗೆ ಬಂದು, ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದಾಳೆ. ಎರಡು ಗಾಡಿ ಬರುವುದಿವೆ. ಒಂದು ತವರಿನ ಕಡೆಗೆ, ಇನ್ನೊಂದು ಯಾರೂ ಗುರುತಿಲ್ಲದ ದೊಡ್ಡ ಊರಿಗೆ. ಅಲ್ಲಿಗೆ 'ಮುಂದುವರಿಯುವುದು'. ಕಾಕು ಆ ದಿನ ಗೋಧಿಯನ್ನೇ ಮುಟ್ಟಿರಲಿಲ್ಲ. "ಎಲ್ಲಿಗೆ ಹೋಗ್ತಾಳಂತಿ?" ಎಂದು ಕೇಳಿದರು. "ಎಲ್ಲಿಗೆ ಹೋದರೇನು ಕಾಕು, ಇವೆಲ್ಲ ಒಂದೇ ಥರ, ಕಡೀಕ ಗಂಡ ಬಂದು ಕರಕೊಂಡು ಹೋಗ್ತಾನ" ಎಂದು ನಾನು ನಕ್ಕೆ. ಮುಂದಿನ ಶನಿವಾರ ಗೆಳತಿಯ ಹುಟ್ಟುಹಬ್ಬವಿತ್ತು. ಅದರ ಮುಂದಿನ ವಾರ ಪರೀಕ್ಷೆ. ಆಮೇಲೆ... ಆಮೇಲೆ ನೆವವೂ ಬೇಕಾಗಲಿಲ್ಲ. ಪತ್ರಿಕೆ ಮಾತ್ರ ಕ್ರಮ ತಪ್ಪದೆ ಮಾಳಿಗೆ ಹತ್ತುತ್ತಿತ್ತು. ಅಮ್ಮ ಒಂದೆರಡು ಸಲ, "ಹೋಗಿ ಓದಿ ಬಾರೇ, ಆಕಿ ಕಾಯ್ತಾಳ" ಎಂದಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ನಾನು ಹೋಗಲಿಲ್ಲ.

ಜೂನಿಯರ್ ಕಾಲೇಜಿಗೆ ಬಂದಾಗ ಓದು ಇನ್ನೊಂದು ವೇಷ ಹಾಕಿತು. ಗೈಡು, ಇಪ್ಪತ್ತು ಮುಖ್ಯ ಪ್ರಶ್ನೆ, ಹೋದ ಐದು ವರ್ಷದ ಪ್ರಶ್ನೆಪತ್ರಿಕೆ. ಪದ್ಯ ಓದದೆ ಪದ್ಯದ ಸಾರಾಂಶ ಬರೆದು ಒಳ್ಳೆಯ ಅಂಕ ತೆಗೆದೆ. ಅಷ್ಟಾದರೂ ನಾನು ದೊಡ್ಡ ಓದುಗಾರ್ತಿ ಎಂಬ ಭ್ರಮೆ ಹೋಗಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಸಾಹಿತ್ಯವನ್ನೇ ತೆಗೆದುಕೊಂಡು ಎಂ.ಎ.ಗೆ ಸೇರಿದೆ. ಅಲ್ಲಿ ಆ ಭ್ರಮೆಗೆ ಪದವಿಯ ಮುದ್ರೆ ಒತ್ತಿ ಕೊಟ್ಟರು. ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದುವವರು ಹವ್ಯಾಸಿಗಳು, ಅಭ್ಯಾಸಿಗೆ ಎಲ್ಲಿ ನೋಡಬೇಕೆಂಬುದು ಗೊತ್ತಿದ್ದರೆ ಸಾಕು ಎಂದು ನಮ್ಮ ಮಾರ್ಗದರ್ಶಕರು ಹೇಳುತ್ತಿದ್ದರು. ಮುನ್ನುಡಿ, ಉಪಸಂಹಾರ, ಹಿಂದಿನ ಪದಸೂಚಿ, ನಡುವೆ ಒಂದು ಅಧ್ಯಾಯದ ಝೆರಾಕ್ಸು. ಕೈಯಲ್ಲಿ ಹಳದಿ ಪೆನ್ನು. ಸಾಲು ಸಿಕ್ಕರೆ ಗೀಟು, ಗೀಟು ಬಿದ್ದದ್ದು ಪ್ರಬಂಧಕ್ಕೆ, ಉಳಿದದ್ದು ಗಾಳಿಗೆ. ಆ ಎರಡು ವರ್ಷದಲ್ಲಿ ನಾನು ನೂರಾರು ಪುಸ್ತಕಗಳ ಬಗ್ಗೆ ಮಾತಾಡಿದೆ. ಪೂರ್ತಿ ಓದಿದ್ದು ಎಷ್ಟು ಎಂದು ಕೇಳಬೇಡಿ.

ಕೊನೆಯ ಸೆಮಿಸ್ಟರಿಗೆ ಒಂದು ಕಿರುಪ್ರಬಂಧ ಬರೆಯಬೇಕಿತ್ತು. ವಿಷಯ ಹುಡುಕುತ್ತಿದ್ದಾಗ ತಲೆಯ ಮೇಲಿನ ಮಾಳಿಗೆಯೇ ನೆನಪಾಯಿತು! ಮನೆಯಲ್ಲಿ ಕೂತು ಕಥೆ ಕೇಳುವ ಹೆಂಗಸರು, ಅವರ ಮೇಲೆ ಧಾರಾವಾಹಿಗಳ ಪ್ರಭಾವ. ಮಾರ್ಗದರ್ಶಕರು ಬೆನ್ನು ತಟ್ಟಿದರು. ಇಷ್ಟು ವರ್ಷದ ಮೇಲೆ ಮತ್ತೆ ಮೆಟ್ಟಿಲು ಹತ್ತಿದೆ, ಕೈಯಲ್ಲಿ ಮೊಬೈಲು ಹಿಡಿದು, ಅದರಲ್ಲಿ ಧ್ವನಿ ಮುದ್ರಿಸಿಕೊಳ್ಳಲು. ಕಾಕುವಿನ ಯಜಮಾನರು ಆಗ ತೀರಿಕೊಂಡಿದ್ದರು. ಮಗ ಬಾರಾಮತಿಯ ಹಾಲಿನ ಡೇರಿಯಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಮನೆ ಮಾಡಿದ್ದ. ಕಾಕು ನನ್ನನ್ನು ಕಂಡು ಒಂದು ಮಾತೂ ಹಂಗಿಸಲಿಲ್ಲ. "ಎಷ್ಟ ಎತ್ತರ ಆಗಿಯವ್ವಾ" ಎಂದು ಗದ್ದ ಹಿಡಿದರು. ನನ್ನ ಪ್ರಶ್ನೆಗಳಿಗೆ ಶಾಲೆಯ ಹುಡುಗಿಯಂತೆ ಸೆಟೆದು ಕೂತು ಉತ್ತರ ಕೊಟ್ಟರು.

ಎದ್ದು ಹೊರಡುವಾಗ ತಡೆದರು. ಒಳಗೆ ಹೋಗಿ ಕುಬಸದ ಖಣದಲ್ಲಿ ಸುತ್ತಿದ ಒಂದು ಗಂಟು ತಂದರು. ಬಿಚ್ಚಿದರೆ ಐದು ವಹಿಗಳು. ಶಾಲೆಯ ಮಕ್ಕಳ ಇನ್ನೂರು ಪುಟದ ನೋಟ್‌ಬುಕ್ಕು. ಅಂಚುಗಳಿಗೆಲ್ಲ ಅದೇ ಖಳ ಹಚ್ಚಿ ಬಟ್ಟೆ ಕಟ್ಟಿದ್ದರು. ಒಳಗೆ ಗುಂಡಗಿನ, ಒತ್ತೊತ್ತಾದ ಬರಹ. ಅಕ್ಷರ ಮರಾಠಿಯದು. ಭಾಷೆ ನಮ್ಮದು.

"ನೀ ಬರೂದು ಬಿಟ್ಟಿ. ಆ ಹುಡಿಗಿ ಪ್ಲಾಟ್‌ಫಾರ್ಮಿನ ಮ್ಯಾಲ ನಿಂತಾಕಿ ನಿಂತಽ ಇದ್ಲು. ಎಷ್ಟ ದಿನ ನಿಂದ್ರಸೂದು? ಅದಕ್ಕ ನಾನಽ ಬರಕೊಂಡೆ" ಎಂದರು. ಆಮೇಲೆ ಧ್ವನಿ ತಗ್ಗಿಸಿ, "ಯಾರಿಗೂ ತೋರ್ಸಿಲ್ಲ. ನೀ ಓದಾಕಿ, ಅದಕ್ಕ ಕೊಡಾಕತ್ತೇನಿ. ಪೂರಾ ಓದು, ಜಿಗೀಬ್ಯಾಡ."

ಅವರು ಅಷ್ಟು ಬಿಡಿಸಿ ಹೇಳಿದ್ದರು. ನನಗೆ ಕೇಳಿಸಿತು. ಕೇಳಿಸಿದ್ದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ನನ್ನ ತಲೆಯ ತುಂಬ ಆಗ 'ಮೂಲ ಆಕರ ಸಿಕ್ಕಿತು' ಎಂಬ ಸಂಭ್ರಮ.

ಮನೆಗೆ ಬಂದು ಮೊದಲನೆಯ ವಹಿ ತೆಗೆದೆ. ಮರಾಠಿ ಅಕ್ಷರದಲ್ಲಿ ಕನ್ನಡ ಓದುವುದು ಸುಲಭವಲ್ಲ. ಕಣ್ಣು ಒಂದು ಭಾಷೆಗೆ ಸಜ್ಜಾಗಿದ್ದರೆ ಕಿವಿಗೆ ಇನ್ನೊಂದು ಬೀಳುತ್ತದೆ. ಗಟ್ಟಿಯಾಗಿ ಓದಿದರಷ್ಟೇ ಅರ್ಥವಾಗುತ್ತದೆ. ನನಗೆ ಗಟ್ಟಿಯಾಗಿ ಓದುವುದು ಮರೆತುಹೋಗಿತ್ತು. ಹೆಣಗಿ ಹೆಣಗಿ ಹತ್ತು ಪುಟ ಓದಿದೆ. ನಾನು ಹಿಂದೆ ಓದಿ ಹೇಳಿದ್ದ ಆ ಧಾರಾವಾಹಿಯ ಮೊದಲ ಕಂತುಗಳೇ ಅಲ್ಲಿದ್ದವು, ಹೆಚ್ಚುಕಡಿಮೆ ಶಬ್ದಕ್ಕೆ ಶಬ್ದ. ನನಗೆ ಬೇಕಾದದ್ದು ಸಿಕ್ಕಿತು. ಕೇಳುವ ಹೆಂಗಸು ಕಥೆಯನ್ನು ಪ್ರಶ್ನಿಸದೆ ನುಂಗುತ್ತಾಳೆ, ಯಥಾವತ್ತಾಗಿ ನಕಲು ಮಾಡುತ್ತಾಳೆ ಎಂದು ಬರೆದು, ಅದಕ್ಕೆ ಸಾಕ್ಷಿಯಾಗಿ ಎರಡು ಪುಟ ಎತ್ತಿ ಹಾಕಿದೆ. ಉಳಿದ ನಾಲ್ಕು ವಹಿಗಳನ್ನು ತೆರೆದದ್ದು ಪುಟ ಎಣಿಸಲಿಕ್ಕೆ ಮಾತ್ರ. ಅನುಬಂಧಕ್ಕೆ ಮೂಲದ ಒಂದು ಪ್ರತಿ ಬೇಕೆಂದರು ವಿಭಾಗದವರು. ಝೆರಾಕ್ಸ್ ಮಾಡಿಸಿ ಅದನ್ನು ಕೊಡಬಹುದಿತ್ತು. ಕೊನೆಯ ದಿನ, ಅಂಗಡಿಯ ಮುಂದೆ ಉದ್ದ ಸಾಲು, ನಿಲ್ಲಲು ಬೇಸರ. ಐದೂ ವಹಿಗಳನ್ನು ಹಾಗೆಯೇ ವಿಭಾಗದ ಕಪಾಟಿಗೆ ಒಪ್ಪಿಸಿ ಬಂದೆ.

ಫಲಿತಾಂಶ ಬಂತು. ಪ್ರಬಂಧಕ್ಕೆ ವರ್ಗದಲ್ಲೇ ಹೆಚ್ಚಿನ ಅಂಕ. ಪೇಢೆ ಹಂಚಿದೆವು, ಮಾಳಿಗೆಗೂ ಹೋಯಿತು.

ಮುಂದಿನ ವರ್ಷ ವಾಡೆಯನ್ನು ಬಿಲ್ಡರನಿಗೆ ಕೊಡುವುದೆಂದು ಠರಾವಾಯಿತು. ಎಲ್ಲರೂ ಗಂಟುಮೂಟೆ ಕಟ್ಟತೊಡಗಿದರು. ಕಾಕು ಮಗನ ಜೊತೆ ಬಾರಾಮತಿಗೆ ಹೊರಡುವುದೆಂದಾಯಿತು. ಹೋಗುವ ಮೊದಲು ತಮ್ಮ ವಹಿಗಳನ್ನು ತಂದುಕೊಡು ಎಂದು ಅಮ್ಮನ ಕೈಯಲ್ಲಿ ಹೇಳಿಕಳಿಸಿದರು. ನಾನು ವಿಭಾಗಕ್ಕೆ ಓಡಿದೆ. ಕಪಾಟು ಖಾಲಿಯಾಗಿತ್ತು. ಬೇಸಿಗೆಯಲ್ಲಿ ಕೋಣೆಗೆ ಬಣ್ಣ ಹೊಡೆಸುವಾಗ ಹಳೆಯ ಕಾಗದಗಳನ್ನೆಲ್ಲ ರದ್ದಿಗೆ ಹಾಕಿದರಂತೆ. ಅಲ್ಲಿಯ ಮರಾಠಿ ಗುಮಾಸ್ತರು ಒಳ್ಳೆಯ ಮನುಷ್ಯ. ಅವರಿಗೆ ಆ ವಹಿಗಳು ನೆನಪಿದ್ದವು. ಹಾಕುವ ಮೊದಲು ತೆರೆದು ನೋಡಿದರಂತೆ. ಅಕ್ಷರವೆಲ್ಲ ಓದಲು ಬರುತ್ತದೆ, ಆದರೆ ಒಂದು ಮಾತಿಗೂ ಅರ್ಥವಿಲ್ಲ, ಯಾರೋ ಮಕ್ಕಳು ಅಕ್ಷರ ತಿದ್ದಿದ್ದಾರೆ ಎಂದುಕೊಂಡರಂತೆ. ಅವರ ತಪ್ಪೇನು? ಅಕ್ಷರ ಬಲ್ಲವನಿಗೆ ಭಾಷೆ ತಿಳಿಯದು, ಭಾಷೆ ಬಲ್ಲವರಿಗೆ ಅಕ್ಷರ ಹತ್ತದು. ಎರಡೂ ಬಲ್ಲವಳು ಇಡೀ ಊರಲ್ಲಿ ನಾನೊಬ್ಬಳಿದ್ದೆ ಎಂದರೆ ಅತಿಯಾಯಿತು, ಆದರೆ ಆ ವಹಿಗಳು ಬಂದದ್ದು ನನ್ನ ಕೈಗೆ.

ಆ ಮಧ್ಯಾಹ್ನ ಮಾಳಿಗೆಗೆ ಹೋದೆ. ಪಾತ್ರೆಗಳಿಗೆ ಕಾಗದ ಸುತ್ತುತ್ತ ಕೂತಿದ್ದ ಕಾಕು ನನ್ನ ಖಾಲಿ ಕೈಯನ್ನು ನೋಡಿದರು. ನನ್ನ ನಾಲಿಗೆ ತಾನಾಗಿ ಹೊರಳಿತು. ವಿಶ್ವವಿದ್ಯಾಲಯದವರು ಕೊಡಲು ಒಪ್ಪುತ್ತಿಲ್ಲ, ಬಹಳ ಮಹತ್ವದ ಬರಹ ಎಂದು ಗಾಜಿನ ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ ಎಂದೆ. ಕಾಕುವಿನ ಮುಖ ನೋಡಬೇಕಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ...

"ನೀ ಓದಿದೆಯಿಲ್ಲೋ? ಐದೂ?"

"ಓದಿದೆ ಕಾಕು."

"ಆಕೀಗೆ ನಾ ಮಾಡಿದ್ದು ಸರಿ ಆತಿಲ್ಲೋ? ಖರೇ ಹೇಳು. ನಂಗ ಅದಽ ಚಿಂತಿ."

ಆ ಹುಡುಗಿಗೆ ಅವರು ಏನು ಮಾಡಿದ್ದರೆಂಬುದು ನನಗೇನು ಗೊತ್ತು? ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗೆ ಕಾಕು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಎರಡನೆಯ ವಹಿ ಎಲ್ಲಿಂದ ಶುರುವಾಗುತ್ತದೆ ಎಂಬುದೂ ತಿಳಿಯದ ನಾನು, "ಸರಿ ಆಗೇದ ಕಾಕು. ಹಂಗಽ ಆಗಬೇಕಿತ್ತು" ಎಂದೆ. ಅವರು ದೊಡ್ಡದೊಂದು ಉಸಿರು ಬಿಟ್ಟರು. ಹೋಗಿ ಡಬ್ಬಿಯ ತಳದಲ್ಲಿದ್ದ ಶೇಂಗಾ ಉಂಡಿಯೊಂದನ್ನು ತಂದುಕೊಟ್ಟರು. ನಾನು ತಿಂದೆ ಕೂಡ.

ಆಮೇಲೆ ಅವರನ್ನು ನಾನು ನೋಡಲಿಲ್ಲ. ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದರು. ಬಾರಾಮತಿಯಲ್ಲಿ ಅಕ್ಕಪಕ್ಕದವರಿಗೆಲ್ಲ ತಮ್ಮ ವಹಿಗಳು ಪುಣೆಯ ವಿಶ್ವವಿದ್ಯಾಲಯದಲ್ಲಿವೆ ಎಂದು ಹೇಳುತ್ತಿದ್ದರೆಂದು ಅಮ್ಮನಿಂದ ತಿಳಿಯಿತು. ನಾನು ಫೋನನ್ನು ಬೇಗ ಅಮ್ಮನಿಗೆ ದಾಟಿಸುತ್ತಿದ್ದೆ. ನನಗೆ ಮಗರಪಟ್ಟಾದ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಕೆಲಸ ಏನೆಂದರೆ, ಮುನ್ನೂರು ನಾನೂರು ಪುಟದ ಪುಸ್ತಕಗಳನ್ನು ಹತ್ತು ನಿಮಿಷದಲ್ಲಿ ಕೇಳುವಷ್ಟು ಸಣ್ಣದಾಗಿ ಇಳಿಸುವುದು. ಟ್ರಾಫಿಕ್ಕಿನಲ್ಲಿ ಕೂತವರು ಕಿವಿಗೆ ಹಾಕಿಕೊಂಡು ಕೇಳಿ, ಓದಿದೆವು ಎಂದು ನಂಬುತ್ತಾರೆ. ಬರೆಯುವವಳೂ ಓದಿರುವುದಿಲ್ಲ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ನನಗೆ ಅದಕ್ಕೇ ಸಂಬಳ ಕೊಡುತ್ತಾರೆ.

ಹೋದ ವರ್ಷ ಶ್ರಾವಣದಲ್ಲಿ ಕಾಕು ಹೋದರು. ಈ ಶ್ರಾವಣದಲ್ಲಿ ವರ್ಷಾಂತಿಕವಾಯಿತು. ಅದಕ್ಕೆ ಒಂದು ವಾರ ಮೊದಲು ಮಗನ ಫೋನು ಬಂತು.

"ತಂಗಿ, ಒಂದ ಕೆಲಸ ಮಾಡಿಕೊಡು. ವಿಶ್ವವಿದ್ಯಾಲಯದಾಗ ಅವ್ವನ ವಹಿ ಅದಾವಲ್ಲ, ಆ ಕಪಾಟ ತೋರ್ಸು. ನಾ ಬರ್ತೇನಿ. ಫೋಟೋ ತಕ್ಕೊಂಡು ಹೋಗ್ತೇನಿ. ಲಿಪಿ ಮರಾಠೀದಽ ಅದ, ನನಗ ಓದಾಕ ಬರ್ತದ."

ಅದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಕನ್ನಡ ಅಕ್ಷರ ಬರದ ಮಗನಿಗೆ ಓದಲು ಬರುವ ಒಂದೇ ಒಂದು ಕನ್ನಡ ಬರಹ ಅದಾಗಿತ್ತು. ವಾಡೆಯಲ್ಲಿದ್ದಾಗ ಕಾಕು ಗುಟ್ಟಾಗಿ ಇಟ್ಟಿದ್ದರು, ಅವನು ಆಗ ಕೇಳಿರಲಿಲ್ಲ. ನಾನು ತಡವರಿಸುತ್ತ, ವಹಿಗಳು ಈಗಿಲ್ಲ, ಕೋಣೆಗೆ ಬಣ್ಣ ಹೊಡೆಸುವಾಗ ಕಳೆದುಹೋದವು ಎಂದು ಹೇಳಿದೆ. ಎಂದು ಕಳೆದವೆಂದು ಹೇಳಲಿಲ್ಲ. ಅವನು ತಾನೇ ನನಗೆ ಸಮಾಧಾನ ಹೇಳಿದ! "ಹೋಗ್ಲಿ ಬಿಡು, ಏನ್ ಮಾಡೂದು. ನೀ ಅಂತೂ ಪೂರಾ ಓದಿಯಲ್ಲ. ಕಥಿ ಹೇಳು, ನಾ ಬರಕೋತೇನಿ. ವರ್ಷಾಂತಿಕಕ್ಕ ಮಕ್ಕಳಿಗೆ ಓದಿ ಹೇಳೂಣಂತ."

ಅವನು ಪೆನ್ನಿನ ಮುಚ್ಚಳ ತೆಗೆದದ್ದು ಕೇಳಿಸಿತು. ಆ ಕ್ಷಣದಲ್ಲಾದರೂ ಹೇಳಬಹುದಿತ್ತು. ಏಳು ವರ್ಷದಿಂದ ಓದದ ಪುಸ್ತಕಗಳ ಕಥೆ ಹೇಳಿ ಪಳಗಿದ ನಾಲಿಗೆ ಸುಮ್ಮನಿರಲಿಲ್ಲ. ಶುರು ಮಾಡಿದೆ. ಹುಡುಗಿ ತವರಿನ ಗಾಡಿ ಹತ್ತಿದಳು, ತವರಲ್ಲಿ ಅಣ್ಣ ಅತ್ತಿಗೆ ಸೇರಿಸಲಿಲ್ಲ, ಕಷ್ಟಪಟ್ಟಳು, ಕಡೆಗೆ ಗಂಡನಿಗೆ ಬುದ್ಧಿ ಬಂತು, ಬಂದು ಕ್ಷಮೆ ಕೇಳಿ ಕರೆದುಕೊಂಡು ಹೋದ... ಎಲ್ಲವೂ ಹೊಂದಿಕೊಂಡು ಸಲೀಸಾಗಿ ಬರುತ್ತಿತ್ತು.

"ತಡಿ. ಗಂಡನ ಮನಿಗೆ ಹೋದ್ಲಾ?"

"ಹೂಂ."

"ಇಲ್ಲ. ಹಂಗಿಲ್ಲ ಅದು. ಅವ್ವ ನನಗ ಒಂದಽ ಮಾತು ಹೇಳಿದ್ಲು, ಆಸ್ಪತ್ರೆದಾಗ. ಎಲ್ಲಾರೂ ಆ ಹುಡಿಗಿನ್ನ ತಿರುಗಿ ಮನಿಗೆ ಕಳಸ್ತಾರ, ನಾ ಕಳಸಲಿಲ್ಲ ಅಂತ. ಎಲ್ಲಿಗೆ ಹೋದ್ಲವ್ವಾ ಅಂತ ಕೇಳಿದ್ರ ನಕ್ಕಳು. ವಹಿದಾಗ ಅದ, ಓದು ಅಂದ್ಲು."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ನೀ ಓದಿಲ್ಲ."

"ಇಲ್ಲ" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಹತ್ತು ಪುಟ, ರದ್ದಿ, ಗಾಜಿನ ಕಪಾಟು, ಎಲ್ಲ. ಅವನು ಬೈಯಲಿ ಎಂದು ಕಾದೆ. ಅವನು ಬೈಯುವ ಪೈಕಿಯಲ್ಲ.

"ಅವ್ವಗ ಬಾರಾಮತಿಯಾಗ ವ್ಯಾಳ್ಯಾ ಹೋಗ್ತಿರಲಿಲ್ಲ" ಎಂದ ನಿಧಾನವಾಗಿ. "ಹೊಸಾ ವಹಿ ತಂದುಕೊಟ್ಟಿದ್ದೆ, ಪೆನ್ನು ತಂದುಕೊಟ್ಟಿದ್ದೆ. ಮುಟ್ಟಲಿಲ್ಲ. ಬರೂದೆಲ್ಲಾ ಬರದಾಗೇದಪಾ, ಓದಾಕಿ ಓದ್ಯಾಳ, ಇನ್ನ್ಯಾಕ ಅಂತಿದ್ಲು. ಕಣ್ಣು ಕಡೀತನಕಾ ಛಲೋ ಇದ್ದೂ. ಓದಿಲ್ಲ, ವಹಿ ಕಳದು ಹೋದೂ ಅಂತ ನೀ ಒಂದ ಮಾತು ಹೇಳಿದ್ರ ಮತ್ತ ಬರೀತಿದ್ಲು. ಏಳು ವರ್ಷ ಇದ್ಲು."

ಉತ್ತರಕ್ಕೆ ಕಾಯಲಿಲ್ಲ. "ಇಡ್ತೇನ್ರಿ" ಎಂದ. ಇಪ್ಪತ್ತೈದು ವರ್ಷ ತಂಗಿ, ನೀ ಎಂದು ಕರೆದವನು.

ವರ್ಷಾಂತಿಕಕ್ಕೆ ನನ್ನನ್ನು ಕರೆಯಲಿಲ್ಲ. ಅಮ್ಮ ಹೋಗಿ ಬಂದಳು, ಅವಳಿಗೆ ನಾನಿನ್ನೂ ಏನೂ ಹೇಳಿಲ್ಲ. ಗಣಪತಿಯ ಮಖರ ಚೆನ್ನಾಗಿ ಆಯಿತು, ಸೊಸೈಟಿಗೆ ಬಹುಮಾನವೂ ಬಂತು. ಇವತ್ತು ಸಂಜೆಯೊಳಗೆ ನಾನೂರು ಪುಟದ ಒಂದು ಪುಸ್ತಕವನ್ನು ಹತ್ತು ನಿಮಿಷಕ್ಕೆ ಇಳಿಸಿ ಕಳಿಸಬೇಕಾಗಿದೆ. ಬೆಳಿಗ್ಗೆಯಿಂದ ಅದರ ಮೊದಲ ಪುಟವನ್ನು ಗಟ್ಟಿಯಾಗಿ ಓದಲು ನೋಡುತ್ತಿದ್ದೇನೆ. ಮೂರು ಸಾಲಿಗೆ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಕಣ್ಣು ಕೆಳಗೆ ಓಡುತ್ತದೆ.

ಆ ಹುಡುಗಿ ಎಲ್ಲಿಗೆ ಹೋದಳೋ ನನಗೆ ಗೊತ್ತಿಲ್ಲ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಪುಣೆಯಿಂದ ಬಾರಾಮತಿಗೆ ಗಂಟೆಗೊಂದು ಬಸ್ಸಿದೆ. ಏಳು ವರ್ಷದಲ್ಲಿ ಯಾವ ದಿನ ಬೇಕಾದರೂ ಹತ್ತಿ ಹೋಗಿ, "ಓದಲಿಲ್ಲ ಕಾಕು, ಕಳೆದುಬಿಟ್ಟೆ" ಎಂದು ಹೇಳಬಹುದಿತ್ತು. ಬೈಯುತ್ತಿದ್ದರು. ಅಳುತ್ತಿದ್ದರು. ಆಮೇಲೆ ಮಗನನ್ನು ಕರೆದು ಪೆನ್ನು ಕೇಳುತ್ತಿದ್ದರು.